ಸದ್ದು ನಿಂತ ಸೈಕಲ್

ಕಾಮಗೆರೆಯ ಗ್ರಂಥಾಲಯದ ಗೋಡೆಯ ಮೇಲೆ ‘ನಿಶ್ಶಬ್ದವಾಗಿರಿ’ ಎಂಬ ಬೋರ್ಡಿತ್ತು. ಭಾನುವಾರ ಸಂಜೆ ಯಾರೋ ಪುಣ್ಯಾತ್ಮರು ಅದರ ಕೆಳಗೆ ಸೀಮೆಸುಣ್ಣದಲ್ಲಿ ‘ಸೈಕಲ್ಲಿಗೂ ಅನ್ವಯಿಸುತ್ತದೆ’ ಎಂದು ಬರೆದು ಹೋಗಿದ್ದರು.

ಗ್ರಂಥಪಾಲಕ ಶಾಂತಮೂರ್ತಿಗೆ ಅದು ನೇರವಾಗಿ ಎದೆಗೇ ನಾಟಿತು. ಹೆಸರಿನಲ್ಲಿದ್ದ ಶಾಂತಿ ಅವನ ಸೈಕಲ್ಲಿಗೆ ಇರಲಿಲ್ಲ. ಪೆಡಲ್ ತುಳಿದಾಗಲೆಲ್ಲ ಅದು ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಅರಚುತ್ತಿತ್ತು. ಅವನು ಇನ್ನೂ ಬೀದಿಯ ತಿರುವಿನಲ್ಲಿರುವಾಗಲೇ ಲೈಬ್ರರಿಯಲ್ಲಿ ತೂಕಡಿಸುತ್ತಿದ್ದವರು ಎಚ್ಚರಗೊಂಡು ಪೇಪರ್ ಬಿಡಿಸಿ ಕೂರುತ್ತಿದ್ದರು.

ಸೋಮವಾರ ಲೈಬ್ರರಿಗೆ ರಜೆ. ಬೆಳಗ್ಗೆ ಕಾಫಿ ಕುಡಿಯುತ್ತ ಶಾಂತಮೂರ್ತಿ ಘೋಷಿಸಿದ: “ಇವತ್ತು ನಾನೇ ಸರ್ವಿಸ್ ಮಾಡ್ತೀನಿ. ಮೊಬೈಲಲ್ಲಿ ನಾಕು ವಿಡಿಯೋ ನೋಡಿದೀನಿ.”

ಹೆಂಡತಿ ಶೃತಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. “ಯಾಕ್ರೀ ಸುಮ್ನೆ, ಶಾಪಿಗೆ ಬುಟ್ಟು ಬನ್ನಿ.”

“ನಿಂಗೆ ಗೊತ್ತಾಗಲ್ಲ, ಸುಮ್ನಿರು” ಎಂದು ಅವನು ಕೊಳ್ಳೇಗಾಲದ ಬಸ್ಸು ಹತ್ತಿದ.

ಸೈಕಲ್ ಅಂಗಡಿಯವನು ಚೈನು ಕೇಳಿದ್ದಕ್ಕೆ ಮರುಪ್ರಶ್ನೆ ಹಾಕಿದ. “ಸಾದಾ ಸೈಕಲ್ಗಾ, ಗೇರ್ ಸೈಕಲ್ಗಾ ಸಾ?” ಪಕ್ಕದಲ್ಲಿ ಇಬ್ಬರು ಗಿರಾಕಿಗಳು ತನ್ನನ್ನೇ ನೋಡುತ್ತಿದ್ದುದು ಶಾಂತಮೂರ್ತಿಯ ಕಣ್ಣಿಗೆ ಬಿತ್ತು. ‘ಸಾದಾ’ ಎನ್ನಲು ನಾಲಿಗೆ ಏಳಲಿಲ್ಲ. “ಗೇರ್ದೇ ಕೊಡಿ” ಎಂದುಬಿಟ್ಟ. ಜೊತೆಗೆ ಗ್ರೀಸು, ಒಂದು ಸ್ಪಾನರು.

ಮನೆಗೆ ಬಂದು ಅಂಗಳದಲ್ಲಿ ಹಳೇ ಸೀರೆ ಹಾಸಿ ಬಿಚ್ಚತೊಡಗಿದ. ಬಿಚ್ಚುವುದೇನು, ಸೊಪ್ಪು ಬಿಡಿಸಿದಷ್ಟೇ ಸಲೀಸಾಗಿ ನಡೆಯಿತು. ಪೆಡಲ್ಲು, ಆಕ್ಸಲ್ಲು ಸೀರೆಯ ಮೇಲೆ, ಒಳಗಿದ್ದ ಉಕ್ಕಿನ ಗುಂಡುಗಳು ಒಂದು ತಟ್ಟೆಗೆ ಬಂದವು. ಅಷ್ಟರಲ್ಲಿ ಪಕ್ಕದ ಮನೆಯ ಶಿವನಂಜಯ್ಯ ಜಗಲಿಗೆ ಬಂದು ಕೂತ. ಬಸ್ ಕಂಡಕ್ಟರಾಗಿ ನಿವೃತ್ತನಾದವನು. ಬೇರೆಯವರ ಕೆಲಸಕ್ಕೆ ಸೀಟಿ ಊದುವ ಅಭ್ಯಾಸ ಮಾತ್ರ ನಿವೃತ್ತವಾಗಿರಲಿಲ್ಲ.

“ಮೂರ್ತಿ, ಬಿಚ್ಚೋವಾಗ ಫೋಟೋ ತೆಕ್ಕಂಡಿದ್ದೀಯಾ?”

“ಎಲ್ಲಾ ತಲೇಲಿದೆ ಅಣ್ಣ.”

“ತಲೇಲಿರೋದು ಸರಿ ಕಣಪ್ಪ. ಸೈಕಲ್ಗೆ ವಾಪಸ್ ಓಗ್ಬೇಕಲ್ಲ.”

ಹೊಸ ಚೈನನ್ನು ಹಲ್ಲಿನ ಮೇಲೆ ಕೂರಿಸಲು ಹೋದರೆ ಅದು ಕೂರಲೇ ಇಲ್ಲ. ಗರಡಿ ಪೈಲ್ವಾನನ ಬೆರಳಿಗೆ ಕೂಸಿನ ಉಂಗುರ ತೊಡಿಸಿದಂತಾಯಿತು. ಶಿವನಂಜಯ್ಯ ನೀರು ಕುಡಿಯಲು ಒಳಗೆ ಹೋದದ್ದೇ ತಡ, ಶಾಂತಮೂರ್ತಿ ಹೊಸ ಚೈನನ್ನು ಬಚ್ಚಲೊಲೆಯ ಸೌದೆಯ ಹಿಂದೆ ತಳ್ಳಿ, ಹಳೆಯದನ್ನೇ ಸೀಮೆಎಣ್ಣೆಯಲ್ಲಿ ತೊಳೆದು ಹಾಕಿದ. ಎಲ್ಲ ಬಿಗಿದ ಮೇಲೂ ತಟ್ಟೆಯಲ್ಲಿ ಕೆಲವು ಗುಂಡುಗಳು ಉಳಿದಿದ್ದವು.

“ಇವು?” ಎಂದ ಹಿಂತಿರುಗಿ ಬಂದ ಶಿವನಂಜಯ್ಯ.

“ಕಂಪ್ನಿಯೋರು ಒಂದಷ್ಟು ಜಾಸ್ತಿನೇ ಹಾಕಿರ್ತಾರೆ.”

ಹತ್ತಿ ಒಂದು ಸುತ್ತು ಹೊಡೆದ. ಮೊದಲು ಒಂದು ಬೆಕ್ಕಿತ್ತು, ಈಗ ನಾಲ್ಕು ಬೆಕ್ಕುಗಳು ಒಂದೇ ಚೀಲದಲ್ಲಿ ಕಚ್ಚಾಡಿದ ಸದ್ದು. ಜಗಲಿಯಲ್ಲಿ ಅಷ್ಟರಲ್ಲಿ ಐದಾರು ಜನ ಸೇರಿದ್ದರು. ಶಾಂತಮೂರ್ತಿ ಮುಖದ ಮಸಿ ಒರೆಸಿಕೊಳ್ಳಲು ಹೋಗಿ ಇನ್ನಷ್ಟು ಬಳಿದುಕೊಂಡು, “ಹೊಸ ಗ್ರೀಸು. ಕೂತ್ಕೊಳ್ಳೋಕೆ ಟೈಮ್ ಬೇಕು” ಎಂದು ಹೇಳಿ, ಒಳಗೆ ಹೋಗಿ ಉಂಡು ಮಲಗಿಬಿಟ್ಟ. ಕೈಲಾಗದ ಕೆಲಸ ಮಾಡಿದವನಿಗೆ ಬರುವಂಥ ನಿದ್ದೆ ಕೈಲಾದ ಕೆಲಸ ಮಾಡಿದವನಿಗೆ ಬರುವುದಿಲ್ಲ.

ಎದ್ದಾಗ ಬಿಸಿಲು ಇಳಿದಿತ್ತು. ಬೀದಿ ಬರಿದಾಗಿದೆಯೇ ಎಂದು ಕದ್ದು ನೋಡಿ, ಸೈಕಲ್ ಹತ್ತಿ ಮೆಲ್ಲಗೆ ತುಳಿದ. ಸದ್ದಿಲ್ಲ. ಇನ್ನೊಮ್ಮೆ ತುಳಿದ. ಬೆಣ್ಣೆಯೊಳಗಿಂದ ಕೂದಲು ಎಳೆದ ಹಾಗಿತ್ತು. ಶಾಂತಮೂರ್ತಿಯ ಕಣ್ಣಲ್ಲಿ ನೀರೇ ಬಂತು. ತನ್ನ ಬಾಯಿಂದ ಬಂದ ಸುಳ್ಳು ಹೀಗೆ ನಿಜವಾದದ್ದು ಅವನ ಬಾಳಿನಲ್ಲಿ ಅದೇ ಮೊದಲು.

ಬಸ್ ಸ್ಟಾಪಿನ ಟೀ ಅಂಗಡಿಯ ಮುಂದೆ ಮೂರು ಸಲ ಹಾದುಹೋದ. ಯಾರೂ ತಲೆ ಎತ್ತಲಿಲ್ಲ. ಸದ್ದಿಲ್ಲದ ಸೈಕಲ್ಲಿನ ಕಷ್ಟವೇ ಅದು. ಕೊನೆಗೆ ತಾನೇ ನಿಂತು ಎಲ್ಲರನ್ನೂ ಕರೆದು ತೋರಿಸಿದ. ಗ್ರೀಸು, ಅದರ ಗುಣ, ಅದು ಕೂರಬೇಕಾದ ಬಗೆ ಎಂದು ದೊಡ್ಡ ಭಾಷಣವನ್ನೇ ಬಿಗಿದ. ಅಲ್ಲೇ ಟೀ ಕುಡಿಯುತ್ತಿದ್ದ ಶಿವನಂಜಯ್ಯ ಬಗ್ಗಿ ಪೆಡಲ್ ತಿರುಗಿಸಿ ನೋಡಿ ದಂಗಾದ.

“ನನ್ನ ಗಾಡಿನೂ ಒಸಿ ನೋಡ್ಬುಡಪ್ಪ. ಇನ್ನೂ ಇಬ್ರು ಕೇಳ್ತಾವ್ರೆ.”

“ಕಳ್ಸಿ ಅಣ್ಣ, ಅದೇನ್ ಮಹಾ” ಎಂದ ಶಾಂತಮೂರ್ತಿ.

ಎದೆಯುಬ್ಬಿಸಿಕೊಂಡು ಮನೆಗೆ ಬಂದ. ಸೈಕಲ್ಲು ಬಾಗಿಲವರೆಗೂ ಬಂದರೂ ಒಳಗಿನವರಿಗೆ ಗೊತ್ತಾಗಲಿಲ್ಲ. ಹಿತ್ತಿಲಲ್ಲಿ ಶೃತಿ, ಶಿವನಂಜಯ್ಯನ ಹೆಂಡತಿ ಶಂಕರಮ್ಮನ ಜೊತೆ ಮಾತಾಡುತ್ತಿದ್ದಳು.

“ಆಕ್ಸಲ್ಲಿನ ಒಂದು ಕಡೆ ಕಪ್ಪಿಗೆ ಗುಂಡೇ ಆಕಿರ್ಲಿಲ್ಲ ಶಂಕ್ರಮ್ಮಕ್ಕ. ತಟ್ಟೇಲಿ ಬುಟ್ಟು ಮಲಗವ್ರೆ. ಇವ್ರು ಗೊರಕೆ ಶುರು ಮಾಡಿದ್ ಮ್ಯಾಲೆ ಬಿಚ್ಚಿ ಕಟ್ಟಿದೆ.”

“ನಿಂಗೆಲ್ಲಿ ಬಂತವ್ವ ಈ ಇದ್ಯೆ?”

“ರಾಮಾಪುರದಲ್ಲಿ ನಮ್ಮಪ್ಪನ ಪಂಪ್‌ಸೆಟ್ ಬಿಚ್ತಿದ್ದೋಳು ನಾನೇ ಅಲ್ವಾ. ಇದೊಂದೇ ಅಲ್ಲ. ಮಿಕ್ಸಿ, ಇಸ್ತ್ರಿ ಪೆಟ್ಗೆ, ಬಚ್ಚಲ ನಲ್ಲಿ... ಇವ್ರು ರಿಪೇರಿ ಮಾಡಿದ್ದನ್ನೆಲ್ಲ ಮದ್ವೆ ಆದಾಗಿಂದ ನಾನೇ ರಿಪೇರಿ ಮಾಡ್ತಾವ್ನಿ.”

“ನಿಜ ಏಳ್ಬುಡೋದಲ್ವಾ?”

“ಏಳಿದ್ರೆ ಮೊಖ ಸಣ್ಣ ಮಾಡ್ಕೊಂಡು ಕೂತ್ಬುಡ್ತಾರೆ. ಅದನ್ನ ರಿಪೇರಿ ಮಾಡಕೆ ನನ್ ಕೈಲಿ ಆಗಲ್ಲ.”

ಶಾಂತಮೂರ್ತಿ ಉಸಿರೂ ಬಿಡದೆ ಸೈಕಲ್ಲನ್ನು ಹಿಂದಕ್ಕೆ ಎಳೆದುಕೊಂಡು ಬೀದಿಗೆ ಬಂದ. ಅಲ್ಲಿ ಶಿವನಂಜಯ್ಯ ಆಗಲೇ ತನ್ನ ಸೈಕಲ್ಲನ್ನು ತಳ್ಳಿಕೊಂಡು ಬರುತ್ತಿದ್ದ. ಹಿಂದೆ ಇನ್ನೆರಡು. ಜೀವನದಲ್ಲಿ ಒಮ್ಮೆಯಾದರೂ ನಿಜ ಹೇಳಿಬಿಡೋಣ ಎಂದು ಶಾಂತಮೂರ್ತಿ ಗಟ್ಟಿ ಮನಸ್ಸು ಮಾಡಿದ.

“ಅಣ್ಣ, ನಂಗೆ ಈ ಕೆಲ್ಸ ಬರಲ್ಲ. ನಾನು ಮಾಡಿದ್ದೆಲ್ಲ ಕೆಟ್ಟೇ ಹೋಗುತ್ತೆ. ನಿಜವಾಗ್ಲೂ.”

ಶಿವನಂಜಯ್ಯ ಹಿಂದಿನವರ ಕಡೆ ತಿರುಗಿದ. “ನೋಡ್ರಪ್ಪ, ಇದ್ಯೆ ಇರೋರು ಮಾತಾಡೋದೇ ಇಂಗೆ. ಒಸಿನಾರ ಜಂಬ ಅದಾ ನೋಡು.” ಮೂರೂ ಸೈಕಲ್ಲುಗಳನ್ನು ಗೋಡೆಗೆ ಒರಗಿಸಿ, ಹೊರಟೇ ಹೋದರು.

ಸದ್ದು ಕೇಳಿ ಶೃತಿ ಹೊರಗೆ ಬಂದಳು. ಸೈಕಲ್ಲುಗಳನ್ನು ನೋಡಿದಳು, ಗಂಡನ ಮುಖ ನೋಡಿದಳು. ಸೆರಗಿಗೆ ಕೈ ಒರೆಸಿಕೊಂಡಳು.

“ನಾಳೆ ಮದ್ಯಾನ ಊಟಕ್ಕೆ ಒಸಿ ಬೇಗ್ನೆ ಬನ್ನಿ” ಎಂದಳು. “ಮುದ್ದೆ, ಉಪ್ಸಾರು ಮಾಡಿರ್ತೀನಿ. ಉಂಡ್ರೆ ಒಳ್ಳೇ ನಿದ್ದೆ ಬತ್ತದೆ.”