ಕಟ್ಟೆಮಳಲವಾಡಿಯ ಮಳೆಮಾಪಕದ ಮೇಲೆ ಮದುವೆ ಚಪ್ಪರ ಹಾಕುವ ಬಗ್ಗೆ

ಸಂಶೋಧನಾ ದತ್ತಾಂಶ ಮಾಪನ ಮತ್ತು ನಿರ್ವಹಣಾ ಇಲಾಖೆ
(ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಹಾಗೂ ಎಚ್.ಡಿ. ಕೋಟೆ ತಾಲ್ಲೂಕುಗಳು)
ಉಪ ನಿರ್ದೇಶಕರ ಕಚೇರಿ, ಹುಣಸೂರು

ಸಂಖ್ಯೆ: ಸಂದಮಾ/ಹುಣ/ಮಳೆ-ಮದುವೆ/17/2003-04
ದಿನಾಂಕ: 24-04-2003

ಸುತ್ತೋಲೆ

ವಿಷಯ: ಶ್ರೀಮತಿ ಚಿಕ್ಕಬೀರಮ್ಮನವರ ಅಂಗಳದಲ್ಲಿ ಮದುವೆ ನಡೆಯುವಾಗ ರಾಷ್ಟ್ರದ ಸಂಶೋಧನಾ ದತ್ತಾಂಶಕ್ಕೆ ಹಾಲು ಬೀಳದಂತೆ ಕ್ರಮ ಕೈಗೊಳ್ಳುವ ಕುರಿತು.

ಉಲ್ಲೇಖ: 1) ದೆಹಲಿಯ ದತ್ತಾಂಶ ಭಂಡಾರದ ಕೋಪದ ಪತ್ರ.
2) ಶ್ರೀಮತಿ ಚಿಕ್ಕಬೀರಮ್ಮನವರ ಮೌಖಿಕ ಹೇಳಿಕೆ (ಕಚೇರಿಯ ಮೆಟ್ಟಿಲ ಮೇಲೆ ನಿಂತು ನೀಡಿದ್ದು).

ದೇಶದ ಸಂಶೋಧನೆಗೆ ಬೇಕಾದ ದತ್ತಾಂಶವನ್ನು ಅಳೆದು, ಫ್ಲಾಪಿಗೆ ತುಂಬಿ, ದೆಹಲಿಯ ಭಂಡಾರಕ್ಕೆ ಕಳುಹಿಸುವುದು ಈ ಇಲಾಖೆಯ ಹೊಣೆ. ಭಂಡಾರದಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳ ಪಾಲು ಸಾಸಿವೆಯಷ್ಟೂ ಇಲ್ಲವೆಂದು ಮೇಲಿನವರು ಪದೇಪದೇ ನೆನಪಿಸುತ್ತಿರುವುದರಿಂದ, ಮಳೆ ಬಾರದ ದಿನದ ಸೊನ್ನೆಯನ್ನೂ ಬಿಡದೆ ಕಳುಹಿಸಲಾಗುತ್ತಿದೆ. ಈ ಪೈಕಿ ಉತ್ತಮ ಸೊನ್ನೆಗಳು ಕಟ್ಟೆಮಳಲವಾಡಿಯ ಚಿಕ್ಕಬೀರಮ್ಮನವರ ಅಂಗಳದ ಮಳೆಮಾಪಕದಿಂದ ಬರುತ್ತವೆ. ಮಾಪಕಕ್ಕೆ ಜಾಗ ಕೊಟ್ಟವರು ಅವರ ಯಜಮಾನರಾದ ದಿವಂಗತ ಚಿಕ್ಕಬೀರಯ್ಯನವರು.

ಕಳೆದ ವರ್ಷ ಚಿಕ್ಕಬೀರಯ್ಯನವರು ಇದ್ದಾಗ ಇದೇ ಅಂಗಳದಲ್ಲಿ ಹಿರಿಯ ಮಗಳ ಮದುವೆ ನಡೆಯಿತು. ವಧೂವರರ ಕೈಗೆ ಹಾಲೆರೆಯುವ ಧಾರೆಯ ಸಾಲು ಬೀದಿಯವರೆಗೆ ಬೆಳೆದಿತ್ತು. ಹಿಂದೆ ಉಳಿದ ನೆಂಟರು, ಬೇಲಿಯೊಳಗೆ ಥಳಥಳಿಸುತ್ತಿದ್ದ, ಯಾರೋ ಅರಿಶಿನ ಕುಂಕುಮ ಬೇರೆ ಇಟ್ಟಿದ್ದ ಮಾಪಕವನ್ನು ಕಂಡು, ಇದೂ ಧಾರೆಯ ಪಾತ್ರೆಯೇ ಇರಬೇಕೆಂದು ಭಕ್ತಿಯಿಂದ ಹಾಲೆರೆದಿರುತ್ತಾರೆ. 'ಮಾಪಕದಲ್ಲಿ ಇರುವುದನ್ನು ಇರುವಂತೆಯೇ ಅಳೆಯತಕ್ಕದ್ದು' ಎಂಬ ನಿಯಮಕ್ಕೆ ಬದ್ಧರಾದ ಮಾಪನ ಸಹಾಯಕ ಶ್ರೀ ಚಲುವರಾಜು ಅದನ್ನೇ ಅಳೆದು ಕಳುಹಿಸಿದರು. ನಾಲ್ಕೂ ತಾಲ್ಲೂಕುಗಳಲ್ಲಿ ಭಾರಿ ಮಳೆಯೆಂದು ಭಂಡಾರದ ಕಂಪ್ಯೂಟರು ತೀರ್ಮಾನಿಸಿತು. "ನಮ್ ಪಾಲಿನ ಮಳೆ ಎಲ್ಲೋಯ್ತು ಸ್ವಾಮಿ?" ಎಂದು ಹಂಪಾಪುರದ ರೈತರು ಕೇಳಿದ್ದು ಇನ್ನೂ ಪರಿಶೀಲನೆಯಲ್ಲಿದೆ.

ಈಗ ಕಿರಿಯ ಮಗಳು ರಮ್ಯಾಳ ಮದುವೆ ನಿಶ್ಚಯವಾಗಿದೆ. ವರ, ಸದರಿ ಚಲುವರಾಜು. ಹುಣಸೂರಿನ ಛತ್ರದಲ್ಲಿ ಮದುವೆ ಮಾಡಿಕೊಳ್ಳುವಂತೆ ಸೂಚಿಸಿದ್ದಕ್ಕೆ ಚಿಕ್ಕಬೀರಮ್ಮನವರು ನೀಡಿದ ಹೇಳಿಕೆ ಯಥಾವತ್ತಾಗಿ ಹೀಗಿದೆ: "ಎರಡು ಎಣ್ಮಕ್ಳ ಮದ್ವೇನೂ ಇದೇ ಅಂಗಳ್ದಲ್ಲಿ ಅಂತ ಅವ್ರಪ್ಪ ಬಾಯ್ಬುಟ್ಟು ಏಳಿದ್ರು ಕಣ್ರೀ. ಈಗ ಅವ್ರಿಲ್ಲ. ಗಂಡ ಸತ್ತೋಳು ದಾರೆಗೆ ನಿಲ್ಲಂಗಿಲ್ಲ ಅಂತ ನಮ್ಮೂರ ಯಜಮಾನ್ರು ಏಳವ್ರೆ. ಅದ್ನೂ ನುಂಗ್ಕೊಂಡೆ. ಅಂಗಳಾನಾರ ಬುಟ್ಕೊಡಿ. ನಿಮ್ ಡಬ್ಬ ಮಳೆಗೆ ಕಾಯ್ತದೆ, ಮೂರ್ತ ಕಾಯ್ತದಾ?" ಇದನ್ನು ಕೇಳಿದ ಮೇಲೆ ಅಂದು ಕಚೇರಿಯಲ್ಲಿ ಯಾರಿಂದಲೂ ಕೆಲಸ ಮಾಡಲಾಗಲಿಲ್ಲ.

ಮಾಪಕವನ್ನು ಕದಲಿಸಿದರೆ ಹಳೆಯ ಅಂಕಿಗೂ ಹೊಸ ಅಂಕಿಗೂ ತಾಳೆಯಾಗದು. ಆದ್ದರಿಂದ ಸಂಬಂಧಪಟ್ಟವರೆಲ್ಲರಿಗೂ ಈ ಮೂಲಕ ಸೂಚಿಸಲಾಗಿದೆ:

1. ಅಂಗಳದಲ್ಲೇ ಚಪ್ಪರ ಹಾಕಲು ಅನುಮತಿಸಲಾಗಿದೆ. ಮಾಪಕದ ನೇರಕ್ಕೆ ಚಪ್ಪರದಲ್ಲಿ ಕಿಂಡಿ ಬಿಡತಕ್ಕದ್ದು. ಕಿಂಡಿಯ ಬಳಿ ಕೂತು ಉಂಡವರ ಸಾರು ಮಳೆಯಿಂದ ತೆಳುವಾದರೆ ಇಲಾಖೆ ಹೊಣೆಯಲ್ಲ.

2. ಅರಿಶಿನ ಕುಂಕುಮವನ್ನು ಮಾಪಕದ ಹೊರಮೈಗೆ ಮಾತ್ರ ಇಡತಕ್ಕದ್ದು.

3. ಅಕ್ಷತೆ ಮಾಪಕದೊಳಗೆ ಬಿದ್ದಲ್ಲಿ ಆಲಿಕಲ್ಲು ಎಂದು ನಮೂದಿಸಕೂಡದು.

4. ಹಿಂದೆ ಉಳಿದ ನೆಂಟರಿಗಾಗಿ ಬೇರೊಂದು ಹಿತ್ತಾಳೆ ಪಾತ್ರೆ ಇಡತಕ್ಕದ್ದು. ಅದು ಮಾಪಕಕ್ಕಿಂತ ಹೆಚ್ಚು ಹೊಳೆಯುವಂತೆ ಹುಣಸೆಹಣ್ಣು ಹಾಕಿ ಉಜ್ಜಿರತಕ್ಕದ್ದು. ಉಜ್ಜುವ ಕೆಲಸ ಗಂಡಿನ ಕಡೆಯವರದು, ಅಂದರೆ ಈ ಕಚೇರಿಯದು.

5. ಮಾಪನದ ವೇಳೆಯೂ ಮುಹೂರ್ತವೂ ಒಂದೇ ಆಗಿರುವುದರಿಂದ ವರನು ಮೊದಲು ಮಳೆ ಅಳೆದು ಅನಂತರ ತಾಳಿ ಕಟ್ಟತಕ್ಕದ್ದು. ಅಂಕಿ ಓದುವಾಗ ಬಾಸಿಂಗವನ್ನು ಪಕ್ಕಕ್ಕೆ ಸರಿಸತಕ್ಕದ್ದು.

6. ಕಳೆದ ಬೇಸಿಗೆಯಲ್ಲಿ, ಆಕಾಶದಲ್ಲಿ ಹತ್ತಿಯಷ್ಟು ಮೋಡವೂ ಇಲ್ಲದಿದ್ದಾಗ, ಶ್ರೀ ಚಲುವರಾಜು ಈ ಒಂದು ಅಂಗಳದ ಸೊನ್ನೆಯನ್ನು ಬೆಳಿಗ್ಗೆಯೂ ಸಂಜೆಯೂ ಅಳೆದಿರುವುದು ಕಂಡುಬಂದಿದೆ. ಸಂಜೆಯ ಸೊನ್ನೆಯನ್ನು ಯಾರೂ ಕೇಳಿರಲಿಲ್ಲ. ಕಾರಣ ಈಗ ಇಡೀ ಕಚೇರಿಗೆ ತಿಳಿದಿರುವುದರಿಂದ ವಿವರಣೆ ಕೇಳುವುದನ್ನು ಕೈಬಿಡಲಾಗಿದೆ.

7. ಧಾರೆಯ ಸಾಲು ಎತ್ತ ಸಾಗುತ್ತದೆಂಬುದು ಮೊದಲು ಎರೆಯುವವರನ್ನು ಅವಲಂಬಿಸಿದೆ. ಮುಂದಿನವರು ಹೋದತ್ತಲೇ ಉಳಿದವರು. ಆದ್ದರಿಂದ ಧಾರೆಯ ಪಾತ್ರೆ ಯಾವುದು, ಮಾಪಕ ಯಾವುದು ಎಂದು ಖಚಿತವಾಗಿ ಬಲ್ಲವರೇ ಮೊದಲ ಹಾಲೆರೆಯತಕ್ಕದ್ದು. ವಿಚಾರಿಸಲಾಗಿ, ಹೆಣ್ಣಿನ ಕಡೆಯಲ್ಲಿ ಅಂಥವರು ಒಬ್ಬರೇ ಇರುವುದು ದೃಢಪಟ್ಟಿದೆ: ದಿನವೂ ಮಾಪಕದ ಸುತ್ತ ಕಸ ಗುಡಿಸುವ ಶ್ರೀಮತಿ ಚಿಕ್ಕಬೀರಮ್ಮನವರು. ರಾಷ್ಟ್ರದ ದತ್ತಾಂಶದ ಹಿತದೃಷ್ಟಿಯಿಂದ ಅವರೇ ಮುಂದೆ ನಿಂತು ಧಾರೆ ಎರೆಯುವಂತೆ ಆದೇಶಿಸಲಾಗಿದೆ. ಇದಕ್ಕೆ ವಿನಾಯಿತಿ ಇಲ್ಲ.

(ಸಹಿ)
ಶಿವನಂಜಪ್ಪ
ಉಪ ನಿರ್ದೇಶಕರು, ಹುಣಸೂರು

ಪ್ರತಿಗಳು:

1. ದತ್ತಾಂಶ ಭಂಡಾರ, ದೆಹಲಿ — ಆ ದಿನದ ಫ್ಲಾಪಿಯ ಮೇಲೆ ಕುಂಕುಮ ಕಂಡರೆ ವೈರಸ್ ಎಂದು ಭಾವಿಸದಿರಲು.

2. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಶಾಖೆಗಳು — ಸ್ಥಳ ಪರಿಶೀಲನೆಗೆ ಸಿಬ್ಬಂದಿಯೆಲ್ಲ ಹಾಜರಾಗಲು. ಪರಿಶೀಲನೆ ಊಟದ ಎಲೆ ಎತ್ತುವವರೆಗೆ ನಡೆಯುತ್ತದೆ.

3. ಶ್ರೀ ಕಂಠಪ್ಪ, ಊರ ಯಜಮಾನರು, ಕಟ್ಟೆಮಳಲವಾಡಿ — 7ನೇ ಅಂಶಕ್ಕೆ ಆಕ್ಷೇಪಣೆ ಇದ್ದಲ್ಲಿ ದೆಹಲಿಗೆ, ಇಂಗ್ಲಿಷಿನಲ್ಲಿ, ಮೂರು ಪ್ರತಿಗಳಲ್ಲಿ, ಮದುವೆ ಮುಗಿದ ಮೇಲೆ ಸಲ್ಲಿಸಲು.

4. ಶ್ರೀಮತಿ ಚಿಕ್ಕಬೀರಮ್ಮ — ಡಬ್ಬ ಮಾತ್ರ ಇಲಾಖೆಯದು, ಅಂಗಳ ತಮ್ಮದು. ಹಾಲಿನ ತಂಬಿಗೆ ಹಿಡಿದು ಎಲ್ಲರಿಗಿಂತ ಮುಂದೆ ನಿಲ್ಲಲು.