ಗರಿಗರಿ ಅಂಗಿಯ ಗೌರವ

ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನಾನು ಒಂದೇ ಒಂದು ಪದಕ್ಕೆ ಮನಸೋತವನೆಂದು ಒಪ್ಪಿಕೊಂಡುಬಿಡುತ್ತೇನೆ: ಗರಿಗರಿ. ಹಕ್ಕಿ ನೀರಿನಲ್ಲಿ ಮಿಂದು, ಬಿಸಿಲಿಗೆ ಮೈ ಕೊಡವಿಕೊಂಡಾಗ ಒಂದೊಂದು ಗರಿಯೂ ಬಿಡಿಬಿಡಿಯಾಗಿ ಸೆಟೆದು ನಿಲ್ಲುತ್ತದಲ್ಲ, ಈ ಮಾತು ಹುಟ್ಟಿದ್ದು ಅಲ್ಲಿಂದಲೇ ಎಂದು ಮಕ್ಕಳಿಗೆ ಧೈರ್ಯವಾಗಿ ಹೇಳುತ್ತಿದ್ದೆ. ನಿಘಂಟು ತೆರೆದು ನೋಡಿದವನಲ್ಲ. ಮಕ್ಕಳೂ ನೋಡಲಿಲ್ಲ, ಬಚಾವಾದೆ. ನಮ್ಮ ಕೂಡ್ಲಿಗಿಯಲ್ಲಿ ಈ ಪದಕ್ಕೆ ಬಿಡುವೇ ಇಲ್ಲ. ಮಂಡಕ್ಕಿ ಗರಿಗರಿ, ಮಿರ್ಚಿ ಗರಿಗರಿ, ಒಣಗಿಸಿಟ್ಟ ಸಜ್ಜೆ ರೊಟ್ಟಿ ಗರಿಗರಿ, ಹೊಸ ಪುಸ್ತಕದ ಹಾಳೆಯೂ ಗರಿಗರಿ. ಸ್ವಂತ ವಾಕ್ಯದಲ್ಲಿ ಬಳಸಿ ಎಂದಾಗ ಒಬ್ಬ ಹುಡುಗಿ 'ನಮ್ಮ ಮಾಸ್ತರು ಗರಿಗರಿಯಾಗಿದ್ದಾರೆ' ಎಂದು ಬರೆದಿದ್ದಳು. ಪೂರ್ತಿ ಅಂಕ ಕೊಟ್ಟೆ. ಗಂಜಿ ಹಾಕಿದ ಬಿಳಿ ಅಂಗಿ ತೊಡದೆ ನಾನು ಹೊಸ್ತಿಲು ದಾಟಿದವನೇ ಅಲ್ಲ.

ಹೋದ ತಿಂಗಳು ಮಗಳು ವಿಜಯಾ ತಾನು ಮೆಚ್ಚಿದ ಹುಡುಗನ ವಿಷಯ ಹೇಳಿದಳು. ಕೊಟ್ಟೂರಿನವನು. ನಾವು ಗಂಡ ಹೆಂಡತಿ ಹೋಗಿ ಅವನ ತಂದೆ ತಾಯಿಯೊಂದಿಗೆ ಮಾತಾಡಿ ಬರಬೇಕಿತ್ತು. ಅವಳ ಮುಖ ನೋಡಿ, ನನ್ನಿಂದ ಇದು ಕೆಡಬಾರದಪ್ಪಾ ಎಂದು ನಿಜವಾಗಿ ಹೆದರಿದೆ. ಹೆದರಿಕೆಗೆ ನನಗೆ ಗೊತ್ತಿರುವ ಮದ್ದು ಅಂಗಿಯೊಂದೇ. ಹೊರಡುವ ಹಿಂದಿನ ದಿನ ಹೆಂಡತಿ ಗಿರಿಜಾ ಉಜ್ಜಿನಿಗೆ ಹೋಗಿದ್ದಳು. ಅಡುಗೆಮನೆಯಲ್ಲಿ ಒಂದು ಪಾತ್ರೆ ಗಂಜಿ ಇತ್ತು. ಸೋಸಿ, ನೀರು ಬೆರೆಸಿ, ಅಂಗಿ ಅದ್ದಿ, ಒಣಗಿಸಿ ಇಸ್ತ್ರಿ ಹೊಡೆದೆ. ನೆಗಡಿಯಿಂದ ಮೂಗು ಕಟ್ಟಿತ್ತು. ಮಧ್ಯಾಹ್ನಕ್ಕೆ ಏನೂ ಮಾಡಿಟ್ಟಿಲ್ಲವಲ್ಲ ಎಂದು ಅವಳ ಮೇಲೆ ಸಿಟ್ಟಾಗಿ, ಬಾಳೆಹಣ್ಣು ತಿಂದು ಮಲಗಿದೆ.

ಬಸ್ಸಿನ ಸೆಕೆಗೆ ಅಂಗಿ ಬೆವರಿನಲ್ಲಿ ತೊಯ್ದಿತು. ಪಕ್ಕದ ಸೀಟಿನವರು ಎರಡು ಸಲ ಮೂಗು ಮುಚ್ಚಿಕೊಂಡರು. ಕೊಟ್ಟೂರಿನಲ್ಲಿ ಅಂಗಳದ ಬೇವಿನ ನೆರಳಿಗೆ ಕುರ್ಚಿ ಹಾಕಿದ್ದರು. ಹುಡುಗನ ತಂದೆಯೂ ಸೆಟೆದ ಅಂಗಿಯಲ್ಲೇ ಕೂತಿದ್ದರು. ಮಾತು ಮಳೆಯ ಆಚೆ ಹೋಗುತ್ತಲೇ ಇರಲಿಲ್ಲ. ಅಷ್ಟರಲ್ಲಿ ನನ್ನ ಎಡತೋಳನ್ನು ಯಾರೋ ಜಗ್ಗಿದಂತಾಯಿತು. ಹಿಂದೆ ಕಟ್ಟಿದ್ದ ಆಡು ತೋಳನ್ನು ಬಾಯಿಗೆ ತುಂಬಿಕೊಂಡು ಜಗಿಯುತ್ತಿತ್ತು. ಮರ್ಯಾದೆ ಬಿಡಬಾರದೆಂದು ನಾನು ನಮ್ಮ ಮನೆತನದ ಹಿರಿಮೆ ಹೇಳುತ್ತಲೇ ಹೋದೆ. ಆಡು ಮೊಣಕೈವರೆಗೆ ಬಂತು.

ಗಿರಿಜಾ ಎದ್ದು ಬಂದು ತೋಳು ಬಿಡಿಸಿ, ಮೂಸಿ ನೋಡಿದಳು. "ಇದು ಗಂಜಿ ಅಲ್ರಿ, ಬೆಳ್ಳುಳ್ಳಿ ಮಜ್ಜಿಗಿ ಹಾಕಿದ ಅಂಬಲಿ. ಇವರು ಉಣ್ಣಲಿ ಅಂತ ಇಟ್ಟಿದ್ದೆ, ಅಂಗಿಗೆ ಉಣಿಸ್ಯಾರ ನೋಡ್ರಿ" ಎಂದು ಎಲ್ಲರೆದುರು ಹೇಳಿಬಿಟ್ಟಳು.

ಮಗಳ ಬಾಳು ನನ್ನ ತೋಳಲ್ಲೇ ಹೋಯಿತು ಎಂದುಕೊಂಡೆ. ಹುಡುಗನ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು, ಆಮೇಲೆ ಅದನ್ನೂ ಬಿಟ್ಟು ನಕ್ಕರು. ತಂದೆ ತಮ್ಮ ಅಂಗಿ ಬಿಚ್ಚಿ ಬೇವಿನ ಕೊಂಬೆಗೆ ಹಾಕಿ, ಬನಿಯನ್ನಿನಲ್ಲಿ ಆರಾಮಾಗಿ ಕೂತರು. ಆಮೇಲೆ ಮಾತು ನಿಲ್ಲಲೇ ಇಲ್ಲ. ಊಟ ಮುಗಿಯುವಷ್ಟರಲ್ಲಿ ಮದುವೆ ಒಪ್ಪಿತವಾಗಿತ್ತು. ನನಗೆ ಕಣ್ಣು ತುಂಬುವಷ್ಟು ಸಂತೋಷ.

ಹೊರಡುವಾಗ ಹುಡುಗನ ತಂದೆ ಕೈ ಹಿಡಿದು, "ಸರ್, ನಮ್ದೊಂದು ಬೇಡಿಕಿ ಐತ್ರಿ" ಎಂದರು. ವರದಕ್ಷಿಣೆಯ ಮಾತೇ ಇರಬೇಕೆಂದು ನಾನು ಜೇಬು ಮುಟ್ಟಿಕೊಂಡೆ.

"ಲಗ್ನದ ದಿನ ನಿಮ್ಮ ಅಂಗಿಗೆ ಗಂಜಿ ಅಕ್ಕಾರೇ ಹಾಕ್ಬೇಕ್ರಿ. ಹಿತ್ತಲದಾಗ ಇನ್ನೂ ನಾಕು ಆಡು ಅದಾವು."

ಯೋಚಿಸಿ ಹೇಳುತ್ತೇನೆ ಎಂದು ಗತ್ತಿನಿಂದ ಬಾಯಿ ತೆರೆಯುವಷ್ಟರಲ್ಲಿ ಗಿರಿಜಾ ಒಪ್ಪಿಕೊಂಡಾಗಿತ್ತು.