ಇಟಲಿ ಭಾಷೆಯಲ್ಲಿ ನಾನು ಹುಟ್ಟಿದ್ದು

ಆಗಿಹೋದ ಸಂಗತಿಯನ್ನು ಆಗಿಹೋಯಿತೆಂದು ಹೇಳಿ ಮುಗಿಸುವುದಕ್ಕೆ ಮನುಷ್ಯನಿಗೆ ಇಷ್ಟು ತ್ರಾಸು ಯಾಕೆ ಕೊಡಬೇಕು? ನಾಳೆಯದು ಯಾರ ಕೈಯಲ್ಲೂ ಇಲ್ಲ, ಅದರ ವ್ಯಾಕರಣ ಕಠಿಣವಾಗಿರಲಿ, ಒಪ್ಪುತ್ತೇನೆ. ಆದರೆ ನಿನ್ನೆ ಉಂಡದ್ದು, ನಿನ್ನೆ ಹೋದದ್ದು, ಇವುಗಳ ಮೇಲೂ ಕಾಯಿದೆ ಹೇರುವ ಭಾಷೆಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇಟಲಿ ಭಾಷೆಯ ಮೇಲಂತೂ ಕೋರ್ಟಿನಲ್ಲಿ ಖಟ್ಲೆ ಹಾಕುವಷ್ಟು ಸಿಟ್ಟಿದೆ.

ಔರಾದದಲ್ಲಿ ಹುಟ್ಟಿ ಬೀದರದಲ್ಲಿ ಇತಿಹಾಸದ ಮಾಸ್ತರನಾದವನಿಗೂ ಇಟಲಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ನಾನೂ ಅದನ್ನೇ ಕೇಳಿದ್ದೆ. ನಾನು ಓದಿದ್ದು, ಕಲಿಸಿದ್ದು ಎಲ್ಲ ಉರ್ದುವಿನಲ್ಲಿ. ನಮ್ಮ ಬೀದರ ಮೈಸೂರು ರಾಜ್ಯಕ್ಕೆ ಸೇರಿದಾಗ ಗಾಂಧಿ ಗಂಜಿನ ಪೇಟೆಯಲ್ಲಿ ಪೇಢೆ ಹಂಚಿದರು, ನಾನೂ ಸಂತೋಷದಿಂದ ತಿಂದೆ. ಆ ಪೇಢೆ ಬಾಯಲ್ಲಿ ಕರಗುವಷ್ಟರಲ್ಲಿ ಮೈಸೂರಿನ ಕಡೆಯಿಂದ ನಮ್ಮ ಶಾಲೆಗೆ ಹೊಸ ಹೆಡ್‌ಮಾಸ್ತರರು ಬಂದರು. ಮೊದಲ ದಿನ ಅವರ ಕೋಣೆಗೆ ಹೋಗಿ, "ನಾ ಬಂದೇನ್ರಿ" ಎಂದೆ.

"ಬಂದಿದ್ದೀರೋ, ಬರ್ತೀರೋ? ಸರಿಯಾಗಿ ಹೇಳಿ ಮೇಷ್ಟ್ರೇ" ಎಂದರು.

"ನಿಮ್ಮ ಎದುರಿಗೇ ನಿಂತೇನಲ್ರಿ, ಇನ್ನ ಎಲ್ಲಿಂದ ಬರ್ಲಿರಿ?"

ಅವರ ಕಡೆ ‘ಬಂದೇನು’ ಎಂದರೆ ಬಂದರೂ ಬರಬಹುದೆಂಬ ಅನುಮಾನವಂತೆ; ಅವರು ನಗಲಿಲ್ಲ. ಅಂದಿನಿಂದ ನನ್ನ ಭೂತಕಾಲಕ್ಕೆಲ್ಲ ಅವರೇ ಇನ್ಸ್‌ಪೆಕ್ಟರು. ಹೀಗಿರುವಾಗ ಊರ ಪಕ್ಕದ ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನರ ಗೋರಿ ಗುಂಬಜುಗಳ ಒಳಗಿನ ಚಿತ್ರಗಳನ್ನು ನೋಡಿ ಬರೆದುಕೊಳ್ಳಲು ಇಟಲಿಯಿಂದ ಚಿತ್ರಗಾರ್ತಿಯೊಬ್ಬಳು ಬರುತ್ತಾಳೆಂಬ ಸುದ್ದಿ ಬಂತು. ಆಕೆಯ ಇಂಗ್ಲಿಷು ಅಷ್ಟಕ್ಕಷ್ಟೇ ಅಂತೆ. "ನಮ್ಮ ಇತಿಹಾಸದ ಮೇಷ್ಟ್ರು ಜೊತೇಲಿರ್ತಾರೆ. ಕನ್ನಡ ಅಂತೂ ಬರಲಿಲ್ಲ, ಇಟಲಿಯಾದ್ರೂ ಕಲೀಲಿ" ಎಂದುಬಿಟ್ಟರು ಹೆಡ್‌ಮಾಸ್ತರರು. ಮಾಸ್ತರರೆಲ್ಲ ನಕ್ಕರು. ಕಲಿತೇ ತೋರಿಸುತ್ತೇನೆಂದು ನಾನು ಹಟ ಹಿಡಿದೆ. ಸಿಟ್ಟಿನಲ್ಲಿ ಹಿಡಿದ ಹಟ, ನೋಡಿ, ಬಿಡಲಿಕ್ಕೂ ನಾಚಿಕೆಯಾಗುತ್ತದೆ.

ಗುರುವಿಗೆ ಬರವಿರಲಿಲ್ಲ. ಭಾಲ್ಕಿ ಕಡೆಯ ಹಲಬರ್ಗಾದಲ್ಲಿ ಒಕ್ಕಲುತನ ಮಾಡಿಕೊಂಡಿದ್ದ ನನ್ನ ಹೆಂಡತಿಯ ಅಣ್ಣ ಶರಣಪ್ಪನವರು ದೊಡ್ಡ ಯುದ್ಧದ ಕಾಲಕ್ಕೆ ಫೌಜಿನಲ್ಲಿದ್ದು, ಸೆರೆಸಿಕ್ಕ ಇಟಲಿ ಸಿಪಾಯಿಗಳನ್ನು ಕ್ಯಾಂಪಿನಲ್ಲಿ ಕಾವಲು ಕಾದವರು. ರವಿವಾರ ರೈಲು ಹತ್ತಿ ಹೋದೆ. ಭಾವ ಎತ್ತಿಗೆ ಮೇವು ಹಾಕುತ್ತಲೇ ಪಾಠ ಶುರುಮಾಡಿದರು.

"ಉಂಡೆ ಅನ್ನಾಕ ‘ಓ ಮಾಂಜಾತೋ’. ಹೋದೆ ಅನ್ನಾಕ ‘ಸೋನೋ ಅಂದಾತೋ’. ಉಣ್ಣೂದಕ್ಕ ‘ಓ’, ಅಂದ್ರ ನನ್ನ ಬಲ್ಲಿ, ನನ್ನ ಹತ್ತರ ಅದ. ಹೋಗೂದು, ಬರೂದು, ಹುಟ್ಟೂದಕ್ಕ ‘ಸೋನೋ’, ಅಂದ್ರ ನಾ ಇದ್ದೀನಿ."

"ಹೋದವ ಹೋಗೇ ಬಿಟ್ಟಾನ. ಮತ್ತ ಇದ್ದೀನಿ ಅಂತ ಯಾಕ ಅನ್ಬೇಕ್ರಿ?"

"ಅವರ ನಾಡ, ಅವರ ಕಾನೂನ್ರಿ ಮಾಸ್ತರ. ನೀವ್ಯಾಕ ಜಗಳಾ ತೆಗೀತೀರಿ?"

"ಹೋಗ್ಲಿ, ಇವತ್ತಿಂದು, ನಾಳಿಂದು ಕಲಸ್ರಿ."

"ಅದು ನನಗ ಬರೂದಿಲ್ರಿ" ಎಂದರು ಭಾವ. "ಸೆರ್ಯಾಗಿದ್ದವ್ರು. ಬರೇ ಹಿಂದಿಂದೇ ಮಾತಾಡ್ತಿದ್ರು. ಏನ್ ಉಂಡಿದ್ವಿ, ಎಲ್ಲಿ ಹೋಗಿದ್ವಿ, ಯಾವ ಊರಾಗ ಹುಟ್ಟಿದ್ವಿ." ಹಾಗೆಂದು ಎತ್ತಿನ ಬೆನ್ನು ಸವರುತ್ತ ಇನ್ನೊಂದು ಹಿಡಿ ಮೇವು ಹಾಕಿದರು.

ಮನೆಗೆ ಬಂದು ಬಾಯಿಪಾಠ ಹಚ್ಚಿದೆ. ನಾನು ಹುಟ್ಟಿದೆ ಎನ್ನುವುದಕ್ಕೆ ‘ಸೋನೋ ನಾತೋ’. ಹೆಂಡತಿ ಅಡುಗೆಮನೆಯಿಂದ ಸೆರಗನ್ನು ಮೂಗಿಗೆ ಒತ್ತಿಕೊಂಡು ಬಂದಳು. "ಎಲ್ಲಿ ನಾತರಿ? ಗಟಾರ ಮತ್ತ ತುಂಬೇದೇನು?" ಹುಟ್ಟಿದ್ದನ್ನು ಹೇಳಿಕೊಳ್ಳಲು ಇಡೀ ದೇಶಕ್ಕೆ ಬೇರೆ ಶಬ್ದವೇ ಸಿಗಲಿಲ್ಲವೆ?

ಅಂತೂ ಅಷ್ಟೂರಿನಲ್ಲಿ ಚಿತ್ರಗಾರ್ತಿ ಜೀಪಿನಿಂದಿಳಿದು "ಸೋನೋ ಅರಿವಾತಾ" ಎಂದಳು. ಬಂದು ತಲುಪಿದೆ ಎಂದರ್ಥ. ಆದರೆ ಕೊನೆಗೆ ‘ತೋ’ ಇಲ್ಲ, ‘ತಾ’! ನನಗೆ ಥಟ್ಟನೆ ಹೊಳೆಯಿತು. ಭಾವನದು ಸಿಪಾಯಿಗಳ ಒರಟು ಮಾತು. ಓದಿದವರ ಶುದ್ಧ ಭಾಷೆ ಇದು. ಮೇಲಾಗಿ ಉರ್ದುವಿನಲ್ಲಿ ನಾತಾ ಎಂದರೆ ಸಂಬಂಧ, ದುರ್ವಾಸನೆಗಿಂತ ಎಷ್ಟೋ ಮೇಲು. ದಿನವಿಡೀ ‘ತಾ’ ಹಚ್ಚಿಯೇ ಮಾತಾಡಿದೆ. ‘ತಾ’ದಲ್ಲೇ ಹುಟ್ಟಿದೆ, ‘ತಾ’ದಲ್ಲೇ ಬಂದೆ, ಬಹಮನಿ ಸುಲ್ತಾನರನ್ನು ಒಬ್ಬೊಬ್ಬರನ್ನಾಗಿ ‘ತಾ’ದಲ್ಲೇ ಸಾಯಿಸಿದೆ. ಆಕೆ ಕುಂಚದ ತುದಿ ಕಚ್ಚಿ ನಗು ತಡೆಯುತ್ತಿದ್ದಳು. ಸಂಜೆ ಹೊರಡುವಾಗ ತನ್ನ ಎದೆ ಮುಟ್ಟಿಕೊಂಡು "ತಾ" ಎಂದಳು. ಆಮೇಲೆ ನನ್ನ ಮೀಸೆಯತ್ತ ಬೆರಳು ತೋರಿಸಿ "ತೋ" ಎಂದಳು.

ಗಂಡು ಬಂದರೆ ‘ತೋ’, ಹೆಣ್ಣು ಬಂದರೆ ‘ತಾ’! ಗಂಡು ಬಂದರೆ ಆಯಾ, ಹೆಣ್ಣು ಬಂದರೆ ಆಯೀ ಎನ್ನುವ ಉರ್ದುವಿನಲ್ಲೇ ಪಾಠ ಹೇಳಿ ಕೂದಲು ಬೆಳ್ಳಗಾದವನಿಗೆ ಇದು ಹೊಳೆಯಲಿಲ್ಲವಲ್ಲ! ಎಂದಿನಂತೆ ಸಿಟ್ಟು ಬೇರೆಯವರ ಮೇಲೆ ತಿರುಗಿತು. ಹಲಬರ್ಗಾಕ್ಕೆ ಹೋಗಿ, "ಹೆಣ್ಮಕ್ಕಳದು ಬ್ಯಾರೆ ಅಂತ ಯಾಕ ಹೇಳ್ಲಿಲ್ರಿ?" ಎಂದು ಕೂಗಾಡಿದೆ.

"ನಮ್ಮ ಕ್ಯಾಂಪಿನ್ಯಾಗ ಹೆಣ್ಮಕ್ಕಳೇ ಇದ್ದಿದ್ದಿಲ್ರಿ" ಎಂದರು ಭಾವ ತಣ್ಣಗೆ. "ಇಲ್ಲದವರ ವ್ಯಾಕರಣ ನಾ ಎಲ್ಲಿಂದ ತರ್ಲಿ?"

ಮುಂದೆ ಶಾಲೆಗೆ ಮೈಸೂರಿನ ಕಡೆಯ ದೊಡ್ಡ ಅಧಿಕಾರಿಯೊಬ್ಬರು ಬಂದರು. ಹೆಡ್‌ಮಾಸ್ತರರು ತುಂಬಿದ ಸಭೆಯಲ್ಲಿ, "ಇವರು ಇಟಲಿ ಭಾಷೆ ಬಲ್ಲವರು. ಒಂದು ಮಾತಾಡಿ ತೋರಿಸಿ ಮೇಷ್ಟ್ರೇ" ಎಂದು ನನ್ನನ್ನು ಎಬ್ಬಿಸಿದರು. ಮನಸ್ಸಿನಲ್ಲಿ ‘ತೋ’ ಎಂದು ಗಟ್ಟಿ ಮಾಡಿಕೊಂಡೇ ಎದ್ದೆ. ಬಾಯಿ ತೆರೆದರೆ "ಸೋನೋ ನಾತಾ" ಎಂದೇ ಬಿತ್ತು. ಚಪ್ಪಾಳೆಯೋ ಚಪ್ಪಾಳೆ. "ಎಷ್ಟು ಶುದ್ಧವಾಗಿದೆ! ಕನ್ನಡಾನೂ ಹೀಗೇ ಮಾತಾಡಬಾರದೇ?" ಎಂದರು ಹೆಡ್‌ಮಾಸ್ತರರು.

ನಾನು ಹೆಣ್ಣಾಗಿ ಹುಟ್ಟಿದೆನೆಂದು ಸಾರಿದ್ದು ಆ ಸಭೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ತಿದ್ದಿ ಹೇಳಬೇಕೆನಿಸಿತು. ಆದರೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನನ್ನ ಭೂತಕಾಲಕ್ಕೆ ಬಿದ್ದ ಮೊದಲ ಚಪ್ಪಾಳೆ ಅದು. ಮೀಸೆ ತೀಡಿಕೊಂಡು ಕೂತುಬಿಟ್ಟೆ.